ಕೂಲಿಗೆ ಬದಲು ಚೀಟಿ

ಅಡಿಕೆ ಸುಲಿಯುವ ದಿನಗಳೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಯಂಗಳಗಳಲ್ಲಿ ಸರಿರಾತ್ರಿಯಾದರೂ ದೀಪ ಆರದ ದಿನಗಳು. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಣ್ಣುಮಕ್ಕಳು ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಾರೆ, ಡಬ್ಬದ ಲೆಕ್ಕದಲ್ಲೇ ಕೂಲಿ ಎಣಿಸಿಕೊಳ್ಳುತ್ತಾರೆ. ಕೂಲಿ ಸಾಲದೆಂಬ ಜಗಳ ಬೇರೆ. ಸುಲಿದವರಿಗೆಲ್ಲ ಕೂಲಿ ಉಂಟೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಈಗ ಯಾವನೋ ಒಬ್ಬ ತೋಟದ ಧಣಿ ಇನ್ನೂರು ಮಂದಿಯನ್ನು ಕರೆಸಿ, ಕೋಳಿ ಕೂಗುವವರೆಗೆ ಸುಲಿಸಿ, ಆಮೇಲೆ ಜಗಲಿಯ ಮೇಲೆ ನಿಂತು, "ನಿಮ್ಮೆಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಚೆಂಬಿಗೆ ಹಾಕಿದ್ದೇನೆ, ಒಂದು ಚೀಟಿ ಎತ್ತುತ್ತೇನೆ, ಹೆಸರು ಬಂದವರಿಗೆ ಕೂಲಿ, ಮಿಕ್ಕವರಿಗೆ ನಮಸ್ಕಾರ" ಎಂದನೆಂದು ಭಾವಿಸೋಣ. ಮಾರನೆಯ ದಿನ ಅವನ ಅಂಗಳಕ್ಕೆ ಒಂದು ನರಪಿಳ್ಳೆಯಾದರೂ ಹೋದೀತೆ?

ತಾಯಂದಿರು ಒಪ್ಪದ ಈ ಕರಾರಿಗೆ ಮಕ್ಕಳು ನಗುನಗುತ್ತ ಒಪ್ಪಿಕೊಂಡಿದ್ದಾರೆ. ಮೊಬೈಲಿನ ಲೋಕದಲ್ಲಿ ಅದಕ್ಕೆ ಗಿವ್‌ಅವೇ ಎಂಬ ಹೆಸರು. ಹೊಸ ವಿಡಿಯೋ ಆಟವೊಂದು ಮಾರುಕಟ್ಟೆಗೆ ಬಂದ ಹೊತ್ತಿಗೆ ಅದರ ಬೆನ್ನಿಗೇ ಗಿವ್‌ಅವೇಗಳ ಹಿಂಡು ಬರುವುದು ವಾಡಿಕೆ. 2025ರ ನವೆಂಬರ್ 4ರಂದು, ಅಂದರೆ ನಮ್ಮಲ್ಲಿ ಕೊನೆ ಕೊಯ್ಲಿನ ಸಮಯದಲ್ಲಿ, ಬಿಡುಗಡೆಯಾದ 'ಫುಟ್‌ಬಾಲ್ ಮ್ಯಾನೇಜರ್ 26' ಎಂಬ ಆಟವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಭಿಮಾನಿಗಳ ಪುಟ ನಡೆಸುವವರು, ಯೂಟ್ಯೂಬಿನಲ್ಲಿ ಆಡಿ ತೋರಿಸುವವರು, ಕಂಪ್ಯೂಟರ್ ಸಾಮಾನಿನ ವರ್ತಕರು, ಯಾರು ಬೇಕಾದರೂ ಇಂಥದನ್ನು ಸಾರಬಹುದು. ಷರತ್ತುಗಳು ಎಲ್ಲಿ ನೋಡಿದರೂ ಒಂದೇ ಅಚ್ಚಿನವು. ನಮ್ಮ ಪುಟವನ್ನು ಫಾಲೋ ಮಾಡಿ, ಇದಕ್ಕೆ ಲೈಕ್ ಒತ್ತಿ, ನಿಮ್ಮವರಿಗೆಲ್ಲ ಹಂಚಿ, ಮೂವರು ಸ್ನೇಹಿತರನ್ನು ಟ್ಯಾಗ್ ಮಾಡಿ, ಅದೃಷ್ಟಶಾಲಿ ಒಬ್ಬರಿಗೆ ಆಟ ಪುಕ್ಕಟೆ!

ಈ ಆಟದ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು ಹೇಳಬೇಕು. ಇದರಲ್ಲಿ ಆಡುವವನು ಚೆಂಡು ಒದೆಯುವುದಿಲ್ಲ. ಅವನು ಕಾಲ್ಚೆಂಡು ಕ್ಲಬ್ಬಿನ ಯಜಮಾನಿಕೆ ವಹಿಸುತ್ತಾನೆ: ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರಿಗೆ ಎಷ್ಟು ಸಂಬಳ, ಗಾಯವಾದವನ ಜಾಗಕ್ಕೆ ಯಾರು, ಮುಂದಿನ ಪಂದ್ಯಕ್ಕೆ ಎಂಥ ವ್ಯೂಹ. 1992ರಲ್ಲಿ ಇಂಗ್ಲೆಂಡಿನ ಇಬ್ಬರು ಸಹೋದರರು 'ಚಾಂಪಿಯನ್‌ಶಿಪ್ ಮ್ಯಾನೇಜರ್' ಎಂಬ ಹೆಸರಿನಲ್ಲಿ ಶುರು ಮಾಡಿದ ಆಟ ಇದು. ಅವರ ಸ್ಪೋರ್ಟ್ಸ್ ಇಂಟರಾಕ್ಟಿವ್ ಕಂಪೆನಿಯನ್ನು 2006ರಲ್ಲಿ ಜಪಾನಿನ ಸೆಗಾ ಕೊಂಡುಕೊಂಡಿತು. ಆಟದ ಮೇಲೆ ನಮಗೆ ದ್ವೇಷವಿಲ್ಲ. ಲೆಕ್ಕ, ತಾಳ್ಮೆ, ಮನುಷ್ಯರ ಗುಣಾವಗುಣ ತೂಗುವ ಬುದ್ಧಿ ಬೇಡುವ ಆಟ ಅದು. ನಮ್ಮ ಹುಡುಗರು ಅದನ್ನು ಬಯಸುವುದು ತಪ್ಪೂ ಅಲ್ಲ, ಆಶ್ಚರ್ಯವೂ ಅಲ್ಲ. ಆದರೆ ಆ ಬಯಕೆಯನ್ನೇ ನೇಗಿಲಿಗೆ ಕಟ್ಟಿ ಉಳುವವರ ಮೇಲೆ ನಮ್ಮ ಆಕ್ಷೇಪಣೆ.

ಶಾಲೆಯಲ್ಲಿ ಪಾಠ ಹೇಳಿದ ಕೈ ನಮ್ಮದು; ತ್ರೈರಾಶಿ ಬಿಡಿಸುವ ಚಟ ಇನ್ನೂ ಹೋಗಿಲ್ಲ. ಬಹುಮಾನದ ಆಟಕ್ಕೆ ಮೂರು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಇನ್ನೂರು ಹುಡುಗರು ಸೇರಿದರು, ಒಬ್ಬೊಬ್ಬನೂ ಮೂವರನ್ನು ಕರೆದ. ಸೇರಿದವರು ಇನ್ನೂರು, ಕರೆಸಿಕೊಂಡವರು ಆರು ನೂರು, ಒಟ್ಟು ಎಂಟು ನೂರು ತಲೆ. ತಲೆಗೆ ಮೂರು ಮುಕ್ಕಾಲು ರೂಪಾಯಿ ಬಿತ್ತು. ಇನ್ನು ದೊಡ್ಡ ಪುಟದ ಮಾತು. ಅಲ್ಲಿ ಇಪ್ಪತ್ತು ಸಾವಿರ ಜನ ಸೇರಿದರು, ಅವರೂ ತಲಾ ಮೂವರನ್ನು ಕರೆದರು. ಎಂಬತ್ತು ಸಾವಿರ ತಲೆ. ಬಹುಮಾನ ಮಾತ್ರ ಅದೇ ಒಂದು. ತಲೆಗೆ ಮೂರು ಮುಕ್ಕಾಲು ಪೈಸೆ! ಬಸ್‌ಸ್ಟ್ಯಾಂಡಿನಲ್ಲಿ ಹಂಚುವ ಕರಪತ್ರಕ್ಕೆ ಇದಕ್ಕಿಂತ ಹೆಚ್ಚು ಖರ್ಚು ಬೀಳುತ್ತದೆ, ಮೇಲಾಗಿ ಅದು ಕಡಲೆಕಾಯಿ ಪೊಟ್ಟಣವಾಗಿ ಹೋಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಪಕ್ಕದ ಬೆಂಚಿನ ಗೆಳೆಯ ಹೆಸರು ಹಿಡಿದು ಕರೆದಾಗ ಯಾರು ತಾನೆ ತಿರುಗಿ ನೋಡುವುದಿಲ್ಲ? ಆ ಕರೆಯ ಹಿಂದಿರುವ ಸ್ನೇಹವೇ ಇಲ್ಲಿ ಮಾರಾಟದ ಸರಕು. ಅದನ್ನು ಬೆಳೆದವನು ಹುಡುಗ, ಕೊಯ್ದುಕೊಂಡವನು ಮತ್ತೊಬ್ಬ.

ಇನ್ನೊಂದು ಚಮತ್ಕಾರವನ್ನು ಗಮನಿಸಬೇಕು. ಅಡಿಕೆ ಹೆಚ್ಚು ಸುಲಿದವಳಿಗೆ ಹೆಚ್ಚು ಕೂಲಿ. ಗಿವ್‌ಅವೇಯಲ್ಲಿ ಹೆಚ್ಚು ದುಡಿದವನಿಗೆ ಅವಕಾಶ ಕಡಮೆ! ಅವನು ಕರೆದ ಮೂವರೂ ಚೆಂಬಿಗೆ ಚೀಟಿ ಹಾಕುತ್ತಾರೆ, ಆ ಮೂವರು ಕರೆದ ಒಂಬತ್ತು ಮಂದಿಯೂ ಹಾಕುತ್ತಾರೆ. ಚೀಟಿ ಹೆಚ್ಚಿದಷ್ಟೂ ಮೊದಲು ಕರೆದವನ ಹೆಸರು ಅಡಿಗೆ ಇಳಿಯುತ್ತದೆ. ತನ್ನ ಸೋಲಿಗೆ ತಾನೇ ಆಳು ಕರೆತರುವ ಇಂಥ ದುಡಿಮೆಯನ್ನು ಜಮೀನ್ದಾರಿ ಪದ್ಧತಿಯೂ ಕಂಡುಹಿಡಿದಿರಲಿಲ್ಲ. ಹಿಂದೆ ಊರಲ್ಲಿ ಡಂಗುರ ಹೊಡೆದವನಿಗೆ ನಾಲ್ಕು ಕಾಸಾದರೂ, ಒಂದು ಸೇರು ಭತ್ತವಾದರೂ ಸಿಗುತ್ತಿತ್ತು. ಈ ಹೊಸ ಡಂಗುರದವನು ತಮಟೆಯನ್ನೂ ತಾನೇ ಕೊಂಡಿದ್ದಾನೆ, ಅದರ ಡೇಟಾ ಖರ್ಚನ್ನೂ ಅಪ್ಪನ ಜೇಬಿನಿಂದ ಕಟ್ಟಿದ್ದಾನೆ.

"ನಾವು ಹಣ ಕಟ್ಟಲಿಲ್ಲವಲ್ಲ, ಸ್ವಾಮಿ, ಬಂದರೆ ಬಂತು, ಹೋದರೆ ಹೋಯಿತು" ಎಂದು ತರುಣ ಮಿತ್ರರು ವಾದಿಸುತ್ತಾರೆ. ಈ ವಾದಕ್ಕೆ ಉತ್ತರ ಹೇಳಬೇಕು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಾಗಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಾಗಲಿ ಸಾಬೂನಿನ ಮೇಲೆ ಬಳೆ ಎಸೆಯುವ ಆಟ ನೀವೆಲ್ಲ ನೋಡಿದ್ದೀರಿ. ಅಂಗಡಿಯವನು ದುಡ್ಡು ಕೇಳುತ್ತಾನೆ, ಬಳೆ ಕೊಡುತ್ತಾನೆ, ಬಳೆ ಜಾರುತ್ತದೆ. ಮನೆಗೆ ಹೋಗುವಾಗ ಎಷ್ಟು ಹೋಯಿತೆಂಬುದು ಜೇಬಿಗೆ ಗೊತ್ತು. ಆ ಅಂಗಡಿಯವನು ಸಾಧುವಲ್ಲ, ನಿಜ. ಆದರೆ ಅವನು ನಮ್ಮಿಂದ ತೆಗೆದುಕೊಂಡದ್ದನ್ನು ನಮ್ಮ ಕಣ್ಣೆದುರೇ ತೆಗೆದುಕೊಂಡ. ಗಿವ್‌ಅವೇಯಲ್ಲಿ ತೆಗೆದುಕೊಂಡದ್ದು ಕಾಣುವುದೇ ಇಲ್ಲ. ಕಾಣದ್ದರಿಂದ ಕೊಟ್ಟವನು ಕೊಟ್ಟೆನೆಂದು ತಿಳಿಯುವುದಿಲ್ಲ; ಪಡೆದವನು ಮಾತ್ರ ದಾನಿಯೆಂದು ಬಿರುದು ಹಾಕಿಕೊಳ್ಳುತ್ತಾನೆ. ಇದೆಂಥ ದಾನ?

ಕ್ರೀಡೆಯ ಹೆಸರು ಹಿಡಿದು ಬಹುಮಾನದ ಆಸೆ ಮಾರುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹಿಂದೆ ಮೈಸೂರು ಸಂಸ್ಥಾನದ ಬೆಂಗಳೂರಿನಿಂದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಪ್ರಕಟವಾಗುತ್ತಿತ್ತು. ಆರ್. ಎಂ. ಡಿ. ಚಮಾರ್‌ಬಾಗ್‌ವಾಲಾ ಎಂಬವರು ಅದರ ಮೂಲಕ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿದ್ದರು. ಅಚ್ಚಾಗುವುದು ಬೆಂಗಳೂರಿನಲ್ಲಿ; ಹಣ ಕಟ್ಟಿ ಕೂಪನ್ ತುಂಬುವವರು ಮುಂಬಯಿ ರಾಜ್ಯದಲ್ಲಿ ಬಹಳ. ಮುಂಬಯಿ ಸರ್ಕಾರ ತನ್ನ 1948ರ ಕಾಯಿದೆಯನ್ನು 1952ರಲ್ಲಿ ತಿದ್ದಿ, ಹೊರಗಿನಿಂದ ಬರುವ ಇಂಥ ಸ್ಪರ್ಧೆಗಳ ಮೇಲೂ ತೆರಿಗೆ ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದು ಜೂಜು, ಜೂಜನ್ನು ಸಂವಿಧಾನ ಕಾಪಾಡುವ ವ್ಯಾಪಾರವೆಂದು ಎಣಿಸಲಾಗದು ಎಂದು 1957ರ ಏಪ್ರಿಲ್ 9ರಂದು ತೀರ್ಪಾಯಿತು. ಅದಕ್ಕೆ ಮೊದಲೇ, 1955ರಲ್ಲಿ, ಕೇಂದ್ರವು ಬಹುಮಾನ ಸ್ಪರ್ಧೆಗಳ ಕಾಯಿದೆ ಮಾಡಿತ್ತು: ತಿಂಗಳಿಗೆ ಒಂದು ಸಾವಿರ ರೂಪಾಯಿ ಮೀರಿದ ಬಹುಮಾನ ಕೂಡದು, ಎರಡು ಸಾವಿರಕ್ಕಿಂತ ಹೆಚ್ಚು ಕೂಪನ್ ಪಡೆಯಕೂಡದು. ಬಹುಮಾನಕ್ಕೆ ಮಿತಿ ಹಾಕಿದವರು ಸೇರುವವರ ಸಂಖ್ಯೆಗೂ ಮಿತಿ ಹಾಕಿದರೆಂಬುದನ್ನು ವಾಚಕರು ಮರೆಯಬಾರದು. ಜನಸಂಖ್ಯೆಯೇ ಲಾಭವೆಂಬ ಗುಟ್ಟು ಅಂದಿನವರಿಗೆ ಗೊತ್ತಿತ್ತು.

ಆಮೇಲಿನ ಕಥೆ ಈಚಿನದು. ಹಣ ಕಟ್ಟಿ ತಂಡ ಕಟ್ಟುವ ಡ್ರೀಮ್11 ಮುಂತಾದವು ಮನೆಮನೆಗೆ ನುಗ್ಗಿದವು. 2023ರಲ್ಲಿ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೇ ಆ ಹೆಸರು ಕುಳಿತಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ ಇಂಥ ಆಟಗಳನ್ನು ತಡೆಯಹೊರಟಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಡ್ರೀಮ್11 ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು, ಅಂಗಿಯ ಮೇಲಿಂದಲೂ ಇಳಿಯಿತು. ಒಳ್ಳೆಯದೇ ಆಯಿತು.

ಆದರೆ 1957ರ ತೀರ್ಪಿನಿಂದ 2025ರ ಕಾಯಿದೆಯವರೆಗೆ ನ್ಯಾಯದ ಕಣ್ಣು ನೆಟ್ಟಿರುವುದು ಒಂದೇ ವಸ್ತುವಿನ ಮೇಲೆ: ಪಣಕ್ಕಿಟ್ಟ ಹಣ, ಅಥವಾ ಹಣಕ್ಕೆ ಸಮಾನವಾದುದು. ಹಣ ಕಟ್ಟಿಸದ ಗಿವ್‌ಅವೇ ಜೂಜಲ್ಲ; ಅದನ್ನು ಜೂಜೆಂದು ನಾವೂ ಕರೆಯುವುದಿಲ್ಲ, ಸುಳ್ಳು ಹೇಳಿ ವಾದ ಗೆಲ್ಲುವ ಅಗತ್ಯ ನಮಗಿಲ್ಲ. ನಾವು ಕೇಳುವುದಿಷ್ಟು. ದುಡಿಮೆಯನ್ನೂ, ಹೆಸರನ್ನೂ, ಗೆಳೆಯರ ಪಟ್ಟಿಯನ್ನೂ ಕೊಟ್ಟದ್ದು ಕೊಡುವುದಲ್ಲವೆ? ರೂಪಾಯಿಯ ಮೇಲೆ ಸಿಂಹದ ಮುದ್ರೆ ಇದೆಯೆಂದು ಅದು ಮಾತ್ರ ಬೆಲೆಯುಳ್ಳದ್ದು, ಮನುಷ್ಯನ ಬಾಯಿಮಾತಿಗೆ ಮುದ್ರೆ ಇಲ್ಲವೆಂದು ಅದು ಪುಕ್ಕಟೆಯೆ?

ಇನ್ನು ಚೀಟಿ ಎತ್ತುವ ಸಂಭ್ರಮ. ನಮ್ಮ ಊರುಗಳ ಗಣಪತಿ ಸಮಿತಿಯವರು ಅದೃಷ್ಟ ಚೀಟಿ ಎತ್ತುವಾಗ ವೇದಿಕೆಗೆ ಒಂದು ಸಣ್ಣ ಮಗುವನ್ನು ಕರೆದು, ಡಬ್ಬವನ್ನು ಎಲ್ಲರೆದುರು ಕುಲುಕಿ, ಮಗುವಿನ ಕೈ ಹಾಕಿಸುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ಅನುಮಾನ ಬಂದರೆ "ಇನ್ನೊಂದು ಸಲ ಕುಲುಕ್ರೋ" ಎನ್ನುವ ಅಧಿಕಾರವಿದೆ. ಗಿವ್‌ಅವೇಯಲ್ಲಿ ಡಬ್ಬ ಯಾರ ಮನೆಯಲ್ಲಿದೆ? ಎಷ್ಟು ಚೀಟಿ ಬಿದ್ದವು? ಎತ್ತಿದವರು ಯಾರು? ಗೆದ್ದನೆಂದು ಹೆಸರು ಬಂದವನು ಇರುವನೋ ಇಲ್ಲವೋ? ಪ್ರಾಮಾಣಿಕರಾಗಿ ನಡೆಸುವವರು ಇಲ್ಲವೆಂದು ನಾವು ಹೇಳುವುದಿಲ್ಲ. ಪ್ರಾಮಾಣಿಕನನ್ನೂ ಠಕ್ಕನನ್ನೂ ಬೇರೆ ಮಾಡಿ ನೋಡುವ ಉಪಾಯವೇ ಸೇರಿದವನ ಕೈಯಲ್ಲಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಗೇಣಿ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲಗಳಲ್ಲೊಂದಾಗಿತ್ತು. ಭತ್ತ ಬೆಳೆದವನ ಕೈಯಲ್ಲಿ ಕೊಳಗವಿರಲಿಲ್ಲ. ಸಾಗರ ತಾಲ್ಲೂಕಿನ ಮಕ್ಕಳಿಗೆ ಈ ಪಾಠವನ್ನು ಬೇರೆಯವರು ಬಂದು ಹೇಳಬೇಕೆ?

ಗೆದ್ದವನಿಗೆ ಸಿಗುವುದಾದರೂ ಏನು? ಅಕ್ಷರ, ಅಂಕಿಗಳ ಒಂದು ಸಾಲು. ಅದನ್ನು ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಯಲ್ಲಿ ಬರೆದರೆ ಆಟ ತೆರೆದುಕೊಳ್ಳುತ್ತದೆ. ಅದಕ್ಕೆ ಕಂಪ್ಯೂಟರ್ ಬೇಕು. ಮೊಬೈಲಿನ ಆವೃತ್ತಿಯೋ, 2023ರಿಂದೀಚೆಗೆ ನೆಟ್‌ಫ್ಲಿಕ್ಸಿನ ಚಂದಾದಾರರ ಪಾಲಾಯಿತು. ಶರಾವತಿಯ ಹಿನ್ನೀರಿನಾಚೆಯ ಹಳ್ಳಿಗಳಲ್ಲಿ ಒಂದು ಫೋನ್ ಮಾತಿಗೆ ಗುಡ್ಡ ಹತ್ತಬೇಕಾದವರ ಕಥೆ ಕೇಳಿದವರು ಈ ಬಹುಮಾನವನ್ನು ಯಾರು ಉಣ್ಣಬಲ್ಲರೆಂದು ತಾವೇ ಯೋಚಿಸಲಿ. ಉಂಡವನೂ ಅದರ ಒಡೆಯನಲ್ಲ. ಇಲ್ಲಿ ಕೊಳ್ಳುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು ಎಂದು ಸ್ಟೀಮ್ ಅಂಗಡಿಯವರೇ 2024ರ ಅಕ್ಟೋಬರಿನಿಂದ ಬೋರ್ಡು ಹಾಕಿದರು. ಅಂದರೆ ಬಹುಮಾನವಾಗಿ ಬಂದದ್ದೂ ಗೇಣಿಯ ಗದ್ದೆಯೇ.

ಇಂಥ ಡಂಗುರ ಯಾವಾಗ ಬೇಕಾಗುತ್ತದೆಂಬುದನ್ನೂ ನೋಡಿ. ಇದೇ ಮಾಲೆಯ 2025ರ ಆವೃತ್ತಿಯನ್ನು ಒಮ್ಮೆ ಮುಂದೂಡಿ, ಮತ್ತೆ ಮುಂದೂಡಿ, 2025ರ ಫೆಬ್ರವರಿಯಲ್ಲಿ ಕಂಪೆನಿ ರದ್ದುಮಾಡಿತು. ಮುಂದಿನದು ಬಂದಾಗ ಮೊದಲ ದಿನಗಳಲ್ಲಿ ಕೊಂಡವರು ಸ್ಟೀಮ್‌ನಲ್ಲಿ ಬರೆದ ಅಭಿಪ್ರಾಯ ಬಹುಪಾಲು ಪ್ರತಿಕೂಲವಾಗಿತ್ತು. ಕೊಂಡವನು ಸರಕು ಸರಿಯಿಲ್ಲವೆಂದು ದೂರುತ್ತಿರುವಾಗ, ಕೊಳ್ಳದವನು ಪುಕ್ಕಟೆ ಸಿಕ್ಕೀತೆಂಬ ಆಸೆಗೆ ಅದನ್ನೇ ಹೊಗಳಿ ಹಂಚುತ್ತಾನೆ. ದೂರುವವನ ದನಿ ಆ ಗದ್ದಲದಲ್ಲಿ ಯಾರಿಗೆ ಕೇಳೀತು?

ಅಭಿಮಾನಿಯ ದುಡಿಮೆ ಈ ಉದ್ಯಮದಲ್ಲಿ ಜಾಹೀರಾತಿಗೆ ಮಾತ್ರ ಸಲ್ಲುವುದೆಂದು ತಿಳಿಯಬೇಡಿ. ಆಟದ ಒಳಗಿರುವ ಲಕ್ಷಾಂತರ ಆಟಗಾರರ ವೇಗ, ಶಕ್ತಿ, ಸ್ವಭಾವಗಳನ್ನು ಅಂಕಿಗಿಳಿಸುವವರು ಲೋಕದ ನಾನಾ ದೇಶಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟು ಇದ್ದಾರೆ. ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಅಭಿಮಾನಿಗಳು. ಮಳೆಯಲ್ಲಿ ನೆನೆದು, ಸಣ್ಣಪುಟ್ಟ ಕ್ಲಬ್ಬುಗಳ ಪಂದ್ಯ ನೋಡಿ, ಗುರುತು ಹಾಕಿಕೊಂಡು ಬರುವವರು. ಅವರ ಕೆಲಸ ಎಷ್ಟು ಬೆಲೆಯುಳ್ಳದ್ದೆಂದರೆ, ಇಂಗ್ಲೆಂಡಿನ ಎವರ್ಟನ್ ಕ್ಲಬ್ಬು 2008ರಲ್ಲಿ ನಿಜವಾದ ಆಟಗಾರರನ್ನು ಹುಡುಕಲು ಈ ಆಟದ ಮಾಹಿತಿಯನ್ನೇ ಬಳಸುವ ಒಪ್ಪಂದ ಮಾಡಿಕೊಂಡಿತು. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಕೂಲಿ ಕೇಳುವುದು ನಾಚಿಕೆಯೆಂದು ಮಾಡುವವನು ತಿಳಿದಿದ್ದಾನೆ. ಆ ನಾಚಿಕೆಯೇ ಕಂಪೆನಿಯ ಆಸ್ತಿ.

ಇತ್ತ ನಮ್ಮ ನಿಜವಾದ ಕಾಲ್ಚೆಂಡಿನ ಗತಿ ಕೇಳಿ. ತೆರೆಯ ಮೇಲೆ ನಮ್ಮ ಹುಡುಗ ಕ್ಲಬ್ಬಿನ ಯಜಮಾನನಾಗಿ ಒಬ್ಬೊಬ್ಬ ಆಟಗಾರನ ಸಂಬಳವನ್ನೂ ಗೀಟು ಹಾಕಿ ನಿರ್ಧರಿಸುತ್ತಿರುವ ಕಾಲದಲ್ಲೇ, 2025ರ ಆಗಸ್ಟಿನಲ್ಲಿ, ಜಿಂದಾಲರ ಜೆಎಸ್‌ಡಬ್ಲ್ಯು ಕಂಪೆನಿಗೆ ಸೇರಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯಿತು. ಕಾರಣ, ಇಂಡಿಯನ್ ಸೂಪರ್ ಲೀಗ್ ನಡೆಸುವ ಹಕ್ಕಿನ ಕರಾರು ಆ ಡಿಸೆಂಬರಿಗೆ ಮುಗಿಯುವುದಿತ್ತು. ಫೆಡರೇಷನ್ನಿಗೂ ರಿಲಯನ್ಸ್ ಬಳಗದ ಕಂಪೆನಿಗೂ ಹೊಸ ಕರಾರು ಕುದುರಲಿಲ್ಲ. ಲೀಗು ಎಂದಿನ ಕಾಲಕ್ಕೆ ಆರಂಭವಾಗಲಿಲ್ಲ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ಮುಟ್ಟಿದ ಕ್ಲಬ್ಬು ಅದು. ಕಂಠೀರವ ಕ್ರೀಡಾಂಗಣದಲ್ಲಿ ಗಂಟಲು ಹರಿಯುವಂತೆ ಕೂಗಿದ ಅಭಿಮಾನಿಯನ್ನು ಆ ದಿನ ಯಾರಾದರೂ ಒಂದು ಮಾತು ಕೇಳಿದರೆ? ಅಭಿಮಾನಿಗೆ ಯಜಮಾನಿಕೆ ದೊರೆಯುವುದು ಆಟದ ಡಬ್ಬಿಯೊಳಗೆ ಮಾತ್ರ.

ಮತ್ತೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ. 1946-47ರಲ್ಲೇ ಸಂತೋಷ್ ಟ್ರೋಫಿ ಗೆದ್ದ ನಾಡು ನಮ್ಮದು. 1968-69ರಲ್ಲಿ ಮೈಸೂರು ತಂಡ ಗೆದ್ದ ಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಮನೆಗೆ ತಂತು. ಆ ತಂಡದ ಒಬ್ಬನ ಹೆಸರಾದರೂ ನಮ್ಮ ಕಾಲೇಜಿನ ಹುಡುಗರಿಗೆ ಬಾಯಿಗೆ ಬರುತ್ತದೆಯೆ ಎಂದು ಅಲ್ಲಲ್ಲಿ ವಿಚಾರಿಸಿದೆವು. ಇಂಗ್ಲೆಂಡಿನ ಎರಡನೆಯ ದರ್ಜೆಯ ಕ್ಲಬ್ಬುಗಳ ಗೋಲ್‌ಕೀಪರುಗಳ ಹೆಸರುಗಳು ಬಂದವು. ತಪ್ಪು ಹುಡುಗರದೆಂದು ನಾವು ಹೇಳಲಾರೆವು. ಅವರಿಗೆ ಯಾರು ಏನನ್ನು ಸಾರಿದರೋ ಅದನ್ನವರು ಕೇಳಿಸಿಕೊಂಡರು.

ನಿಜವಾದ ಮ್ಯಾನೇಜರಿಕೆ ಕಲಿಯಬೇಕೆಂಬ ಹಂಬಲವಿದ್ದವರಿಗೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಕೆಲಸಕ್ಕೆ ಬರವಿಲ್ಲ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಚಂದಾ ಎತ್ತಿ, ತೀರ್ಪುಗಾರನನ್ನು ಒಪ್ಪಿಸಿ, ಸೋತ ತಂಡವನ್ನು ಸಮಾಧಾನಪಡಿಸಿ, ಮೈಕಿನವನ ಬಾಕಿ ತೀರಿಸಿ, ಕೊನೆಗೆ ಊರೆದುರು ಲೆಕ್ಕ ಓದುವ ಯುವಕ ಸಂಘದ ಕಾರ್ಯದರ್ಶಿಗೆ ಯಾವ ಕಂಪೆನಿಯೂ ಬಹುಮಾನ ಕೊಟ್ಟಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟ ಬರುವುದು ಮಳೆಗಾಲದಲ್ಲಿ. ಹೊಸನಗರದ ಕೆಸರಿನಲ್ಲಿ ಮಕ್ಕಳನ್ನು ಓಡಿಸುವ ಮೇಷ್ಟರ ಕಷ್ಟ ಮೇಷ್ಟರಿಗೇ ಗೊತ್ತು.

ಈ ಸಂಘಗಳ ಗೆಳೆಯರಲ್ಲಿ, ಶಾಲಾ ಕಾಲೇಜುಗಳ ಅಧ್ಯಾಪಕರಲ್ಲಿ ನಮ್ಮ ಕೋರಿಕೆ ಇದೆ. ತರಗತಿಯ ವಾಟ್ಸಪ್ ಗುಂಪಿನೊಳಗೆ ಗಿವ್‌ಅವೇಯ ಕೊಂಡಿ ಬಂದರೆ ಅದನ್ನು ಮುಂದಕ್ಕೆ ದಾಟಿಸಬೇಡಿ. ಹದಿನೆಂಟು ತುಂಬದವರ ಮಾಹಿತಿಯನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಬಳಸಕೂಡದು, ಅವರನ್ನು ಹಿಂಬಾಲಿಸಿ ಜಾಹೀರಾತು ತೋರಿಸಕೂಡದು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳಿಗೆ ಮತ್ತೆ 18 ತಿಂಗಳ ವಾಯಿದೆ. ಬೀಗ ಕೊಂಡು ಎರಡು ವರ್ಷದ ಮೇಲೆ ಬೀಗದಕೈ ಮಾಡಿಸಲು ಕೊಟ್ಟ ಹಾಗಾಯಿತು! ಸರ್ಕಾರದ ಬೀಗದಕೈಗೆ ಕಾಯದೆ ಬಾಗಿಲ ಬಳಿ ನಾವೇ ಕೂರುವುದು ಒಳಿತು.

ನಮ್ಮ ಪೇಟೆಗಳಲ್ಲೇ ಯಾವ ಅಂಗಡಿಯಾಗಲಿ, ಟ್ಯೂಷನ್ ಕೇಂದ್ರವಾಗಲಿ, ಪುಟ ನಡೆಸುವ ತರುಣನಾಗಲಿ ಇಂಥ ಬಹುಮಾನ ಸಾರಿದರೆ, ಹೋಗಿ ಮರ್ಯಾದೆಯಿಂದ ಕೇಳಿ: ಬಹುಮಾನ ಎಷ್ಟು, ಸೇರಿದವರು ಎಷ್ಟು, ಚೀಟಿ ಎತ್ತುವುದು ಎಲ್ಲಿ, ಎತ್ತಿದ ಮೇಲೆ ನಮ್ಮ ಹೆಸರು ನಂಬರುಗಳ ಪಟ್ಟಿಯನ್ನು ಏನು ಮಾಡುತ್ತೀರಿ? ಹೇಳುವವರಿದ್ದರೆ ಅವರ ಉತ್ತರವನ್ನೂ, ಹೇಳದವರ ಷರತ್ತುಗಳ ಪ್ರತಿಯನ್ನೂ ಈ ಪತ್ರಿಕೆಯ ಕಚೇರಿಗೆ ಕಳಿಸಿಕೊಡಿ. ಬಂದದ್ದನ್ನು ಬಂದಂತೆ ಅಚ್ಚು ಹಾಕುತ್ತೇವೆ. ಕಳಿಸುವ ಮೊದಲು ಹುಡುಗರ ಹೆಸರನ್ನೂ ಮೊಬೈಲ್ ನಂಬರನ್ನೂ ಮಸಿಯಿಂದ ಹೊಡೆದುಹಾಕಿ. ಅವು ನಮಗೂ ಬೇಡ.